ವಾಸನೆ ಹೋಯಿತು, ಇನ್ನು ಇಳಿಯಬಹುದೇ?

“ವಾಸ್ನಿ ಹೋತ್ರಿ ಸರ. ಇಳೀಲೇನು?”

ಕಳೆದ ಭಾನುವಾರ ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯ ಕಾಂಪೌಂಡಿನಲ್ಲಿ ಸಿದ್ದಪ್ಪ ಹೀಗೆ ಕೇಳಿದಾಗ ಅವನ ಸೊಂಟಕ್ಕೆ ಹಗ್ಗ ಬಿಗಿದಾಗಿತ್ತು. ಎದುರಿಗೆ ಬಾಯಿ ತೆರೆದ ಸೆಪ್ಟಿಕ್ ಟ್ಯಾಂಕ್.

ಟ್ಯಾಂಕ್ ಬ್ಲಾಕ್ ಆಗಿ ಕೆಳಗಿನ ಮನೆಗಳ ಬಾತ್‌ರೂಮಿನಲ್ಲಿ ಕೊಳಚೆ ಮೇಲೆ ಬರುತ್ತಿತ್ತು. ಸಂಜೆ ಅದೇ ಕಾಂಪೌಂಡಿನಲ್ಲಿ ಸೊಸೈಟಿಯ ಸತ್ಯನಾರಾಯಣ ಪೂಜೆ. (ಈ ಕಡೆ ಲಿಫ್ಟ್ ನಿಂತರೂ ನಡೆಯುತ್ತದೆ, ಪೂಜೆ ನಿಲ್ಲುವಂತಿಲ್ಲ.) ಕೊಳಚೆ ಹೀರುವ ಗಾಡಿ ಬರುವುದು ಸೋಮವಾರ. ಹಾಗಾಗಿ ಸೆಕ್ರೆಟರಿ ಶೆಟ್ಟರು ಹತ್ತಿರದ ಅಂಬರನಾಥದಿಂದ ಸಿದ್ದಪ್ಪನನ್ನು ಕರೆಸಿದ್ದರು. ಕಲಬುರಗಿ ಕಡೆಯವನು. ಯಾವ ಕೆಲಸಕ್ಕೂ ಇಲ್ಲ ಎನ್ನದವನು.

ಮುಚ್ಚಳ ತೆಗೆದಾಗ ಕೊಳೆತ ಮೊಟ್ಟೆಯ ನಾತ. ಕಿಟಕಿಗಳೆಲ್ಲ ಪಟಪಟ ಮುಚ್ಚಿಕೊಂಡವು. ಶೆಟ್ಟರು, ಸಿದ್ದಪ್ಪ, ಹಗ್ಗ ಹಿಡಿಯಲು ಬಂದ ಅವನ ತಮ್ಮ, ನಾನು ಅಲ್ಲೇ ಪಕ್ಕದಲ್ಲಿ ಚಹಾ ಕುಡಿದೆವು. ನಮ್ಮ ಪದ್ಧತಿಯೇ ಅದು: ಮುಚ್ಚಳ ತೆಗೆ, ಚಹಾ ಕುಡಿ, ನಾತ ಹೋದಮೇಲೆ ಇಳಿ.

ನಾತ ಹೋಗಿತ್ತು. ನಿಜಕ್ಕೂ. ನನಗೂ ಬರುತ್ತಿರಲಿಲ್ಲ.

ಆಗ ನೆನಪಾಯಿತು. ಎಂ.ಎಸ್ಸಿ. ಓದುವಾಗ ಲ್ಯಾಬಿನಲ್ಲಿ ಇದೇ ನಾತ ಮೊದಲು ವಾಕರಿಕೆ ತರಿಸಿ, ಆಮೇಲೆ ಮಾಯವಾಗಿತ್ತು. ಹೊರಗಿನಿಂದ ಬಂದ ಮೇಷ್ಟ್ರು ಮೂಗು ಮುಚ್ಚಿಕೊಂಡು ನಮ್ಮನ್ನೆಲ್ಲ ಆಚೆ ಅಟ್ಟಿದ್ದರು. ಅಟ್ಟಿದ್ದರೇ? ಅಥವಾ ಅದು ಸೀನಿಯರ್ ಒಬ್ಬ ಹೇಳಿದ ಕಥೆಯೇ? ನನ್ನ ನೆನಪನ್ನು ನಾನೇ ನಂಬುವುದಿಲ್ಲ. (ನಮ್ಮ ಮದುವೆಯ ದಿನ ಮಳೆ ಬಂದಿತ್ತು ಎನ್ನುತ್ತೇನೆ ನಾನು, ಇಲ್ಲ ಎನ್ನುತ್ತಾಳೆ ಹೆಂಡತಿ. ಆಲ್ಬಂ ಅವಳ ಪರ.)

ಆದರೆ ಗ್ಯಾಸಿಗೆ ನನ್ನ ನೆನಪಿನ ಹಂಗಿಲ್ಲ. ಹೈಡ್ರೋಜನ್ ಸಲ್ಫೈಡ್, ಗಂಧಕದ ಸಂತಾನ. ಗಾಳಿಗಿಂತ ಭಾರ, ಗುಂಡಿಯ ತಳದಲ್ಲೇ ಕೂರುತ್ತದೆ. ಕೆಸರು ಕಲಕಿದರೆ ಇನ್ನಷ್ಟು ಏಳುತ್ತದೆ. ಸ್ವಲ್ಪವಿದ್ದರೆ ನಾರುತ್ತದೆ. ಸ್ವಲ್ಪ ಹೊತ್ತು ಮೂಸಿದರೆ ಮೂಗು ದಣಿಯುತ್ತದೆ. ಹೆಚ್ಚಾದರೆ ಮೂಗು ಪೂರ್ತಿ ಬಂದ್, ಆಮೇಲೆ ಉಸಿರು.

“ಇಳೀಬೇಡ,” ಎಂದೆ.

“ಎಂತದು ಮಾರಾಯ್ರೆ? ಸ್ಮೆಲ್ ಉಂಟಾ ಈಗ? ಇಲ್ಲ ಅಲ್ಲ?” ಶೆಟ್ಟರು ರೇಗಿದರು.

“ಅದಕ್ಕೇ ಬೇಡ ಅಂದಿದ್ದು. ಮನುಷ್ಯರನ್ನ ಇಳಿಸೋದು ಕಾನೂನಿಗೂ ವಿರುದ್ಧ.”

“ಕಾನೂನು ನನಗೂ ಗೊತ್ತುಂಟು. ಸಂಜೆ ಭಟ್ರನ್ನು ಎಲ್ಲಿ ಕೂರಿಸುವುದು? ನಿಮ್ಮ ತಲೆ ಮೇಲಾ?”

ಸಿದ್ದಪ್ಪ ನಕ್ಕ. “ಕಡ್ಡಿ ಗೀರಿ ಒಗದು ನೋಡ್ಲೇನ್ರಿ?” (ಆ ಗ್ಯಾಸಿಗೆ ಬೆಂಕಿಯೂ ಹತ್ತುತ್ತದೆ, ಸ್ವಾಮಿ!) “ಹೆದರಬ್ಯಾಡ್ರಿ ಸರ. ನನಗ ಏನರ ಆದ್ರ ತಮ್ಮ ಇಳೀತಾನ.”

ನಾನು ತಮ್ಮನ ಕಡೆ ನೋಡಿದೆ. ಅಣ್ಣನನ್ನು ಎತ್ತಲು ತಮ್ಮ. ಆಮೇಲೆ?

“ಶೆಟ್ರೇ, ನಾವು ನಾಲ್ವರೂ ಇಲ್ಲೇ ನಿಂತು ಮೂಗು ಕೆಡಿಸಿಕೊಂಡವರು. ಹೊರಗಿನವರು ಯಾರಾದರೂ ಮೂಸಲಿ. ಅವರು ನಾತವಿಲ್ಲ ಅಂದರೆ ಮುಂದಿನ ಮಾತು.”

ಇಲ್ಲ ಅಂದಿದ್ದರೂ ಇಳಿಯಲು ಬಿಡುತ್ತಿರಲಿಲ್ಲ. ಅದನ್ನು ಹೇಳಲಿಲ್ಲ ಅಷ್ಟೆ.

ಶೆಟ್ಟರ ಮಗಳು ಪೂಜೆಗೆ ಹೂ ತರಲು ಹೋಗಿದ್ದಳು. ಆಟೋ ಇಳಿದು ಗೇಟು ದಾಟಿದವಳು ಅಲ್ಲೇ ನಿಂತಳು. ಹೂವಿನ ಚೀಲವನ್ನೇ ಮೂಗಿಗೆ ಒತ್ತಿಕೊಂಡಳು.

“ಛೀ, ಪಪ್ಪಾ! ಕಿತ್ನಾ ಗಂದಾ ಬಾಸ್ ಆ ರಹಾ ಹೈ! ಆಪ್ ಲೋಗ್ ವಹಾಂ ಖಡೇ ಕೈಸೇ ಹೋ?” (ಇಷ್ಟು ಕೆಟ್ಟ ನಾತದಲ್ಲಿ ಹೇಗೆ ನಿಂತಿದ್ದೀರಿ ಎಂದು.)

ಶೆಟ್ಟರು ನನ್ನನ್ನು ನೋಡಿದರು. ಸಿದ್ದಪ್ಪ ಗುಂಡಿಯನ್ನು ನೋಡಿದ. ಆಮೇಲೆ ಹಗ್ಗದ ಗಂಟು ಬಿಚ್ಚತೊಡಗಿದ.

“ಇದೇನ್ರಿ, ನಮ್ಮ ಮೂಗs ನಮಗ ಸುಳ್ಳ ಹೇಳ್ತದಲ್ರಿ!”

ಮುಚ್ಚಳ ಹಾಕಿದೆವು. ಪೂಜೆ ಟೆರೇಸಿನಲ್ಲಿ ನಡೆಯಿತು. (ಭಟ್ಟರು ಮೆಟ್ಟಿಲು ಹತ್ತಿ ಬೆವರಿದ್ದು ಬಿಟ್ಟರೆ ಲೋಪವಿಲ್ಲ.) ಸಿದ್ದಪ್ಪ, ಅವನ ತಮ್ಮ ಇಬ್ಬರೂ ಪ್ರಸಾದದ ಶಿರಾ ತಿಂದು ಲೋಕಲ್ ಟ್ರೇನ್ ಹಿಡಿದರು. ಸೋಮವಾರ ಗಾಡಿ ಬಂದು ಹೊರಗಿನಿಂದಲೇ ಎಲ್ಲವನ್ನೂ ಹೀರಿಕೊಂಡು ಹೋಯಿತು.

ಲ್ಯಾಬಿನ ಆ ಘಟನೆ ನನ್ನದೋ ಸೀನಿಯರ್‌ನದೋ, ಇವತ್ತಿಗೂ ಗೊತ್ತಿಲ್ಲ. ಈಗ ಅದು ಮುಖ್ಯವೂ ಅಲ್ಲ. ಕೊರೆಯುತ್ತಿರುವುದು ಬೇರೆ. ನಮ್ಮ ಸೊಸೈಟಿಯ ಹಿಂದೆ ಕೆಮಿಕಲ್ ಕಾರ್ಖಾನೆಗಳ ಸಾಲಿದೆ. ಊರಿಂದ ಬಂದ ನೆಂಟರು ಪ್ರತಿ ಸಲ ಬಾಗಿಲಲ್ಲೇ ಮೂಗು ಹಿಡಿದು, “ಇದೇನ್ರೀ ಇಲ್ಲಿ ವಾಸನೆ?” ಎನ್ನುತ್ತಾರೆ.

ಮೊನ್ನೆಯವರೆಗೂ ನಾವು ನಗುತ್ತಾ ಕೇಳುತ್ತಿದ್ದೆವು: “ಯಾವ ವಾಸನೆ?”