ಎಂಟು ಸಿಲಿಂಡರಿನ ಪಿಕಪ್ಪೂ ನನ್ನ ಬಿ.ಕಾಂ. ಡಿಗ್ರಿಯೂ

ನಮ್ಮ ಮನೆಗೆ ಬಂದ ಕಾಗದವೆಲ್ಲ ಮೊದಲು ನನ್ನ ಕೈಗೇ ಬರಬೇಕು. ಇದು ತವರಿನಿಂದ ಬಂದ ಅಭ್ಯಾಸ. ಅಮ್ಮ ಬೀಡಿ ಕಟ್ಟಿ ನನ್ನನ್ನು ಬಿ.ಕಾಂ. ತನಕ ಓದಿಸಿದಳು. ಅಜ್ಜಿ, ಅಮ್ಮ, ಮೂವರು ಮಾವಂದಿರು, ಇವರಲ್ಲಿ ಯಾರೂ ಹೈಸ್ಕೂಲಿನ ಮೆಟ್ಟಿಲು ಹತ್ತಿದವರಲ್ಲ. ಹಾಗಾಗಿ ಕರೆಂಟ್ ಬಿಲ್ಲಿನಿಂದ ಹಿಡಿದು ಪಂಚಾಯತಿನ ನೋಟೀಸಿನವರೆಗೆ ಏನೇ ಬಂದರೂ ಕಿಟಕಿಯ ಸರಳಿಗೆ ಸಿಕ್ಕಿಸಿಟ್ಟು ನಾನು ಕಾಲೇಜಿನಿಂದ ಬರುವುದನ್ನೇ ಕಾಯುತ್ತಿದ್ದರು. ನಾನೂ ಕೈಕಾಲು ತೊಳೆದು, ಚಾ ಕುಡಿದು, ಆಮೇಲೆ ಜಡ್ಜ್ ಸಾಹೇಬರ ಗತ್ತಿನಲ್ಲಿ ಓದಿ ಹೇಳುತ್ತಿದ್ದೆ. ಕತಾರಿಗೆ ಹೋದ ಮೇಲೂ ಆ ಗತ್ತು ಹೋಗಲಿಲ್ಲ. ಹೋಗಲಿಲ್ಲ ಎಂಬುದನ್ನು ನಮ್ಮವರು ಇವತ್ತಿಗೂ ಬಂದ ನೆಂಟರಿಗೆಲ್ಲ ಹೇಳುತ್ತಾರೆ.

ನಮ್ಮವರು ಏಸಿ ಮೆಕ್ಯಾನಿಕ್. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವರು. ಯಂತ್ರ ಕಂಡರೆ ಮುಖ ಅರಳುತ್ತದೆ, ಫಾರಂ ಕಂಡರೆ ತಲೆ ತುರಿಸಿಕೊಳ್ಳುತ್ತಾರೆ. ನಾನು ದೋಹಾಕ್ಕೆ ಹೋದದ್ದು ನನ್ನದೇ ಕೆಲಸದ ವೀಸಾದಲ್ಲಿ, ಗಂಡನ ಬೆನ್ನ ಹಿಂದೆ ಅಲ್ಲ. ಇದನ್ನು ಆಗಾಗ ನೆನಪಿಸುತ್ತಿದ್ದೆನೋ ಏನೋ, ಅವರು ನನ್ನನ್ನು ಕರೆಯುತ್ತಿದ್ದದ್ದೇ 'ಬೀಕಾಂ' ಎಂದು. "ಬೀಕಾಂ, ಉಪ್ಪು ಎಲ್ಲಿಟ್ಟೆ?" ಎನ್ನುವ ಹಾಗೆ.

ಎರಡು ಸಾವಿರದ ದಶಕದ ನಡುಭಾಗ. ದೋಹಾದ ಅರ್ಧ ರಸ್ತೆ ಅಗೆದು ಹಾಕಿದ್ದರು, ಎಲ್ಲಿ ನೋಡಿದರೂ ಕ್ರೇನು. ನಮ್ಮವರ ವೀಸಾ ಒಬ್ಬ ಅರಬಿಯ ಹೆಸರಿನಲ್ಲಿತ್ತು. ಅರ್ಬಾಬ್, ಅಂದರೆ ಯಜಮಾನರು, ಎಂದು ಕರೆಯುತ್ತಿದ್ದೆವು. ಅವರದೊಂದು ಸಣ್ಣ ಏಸಿ ರಿಪೇರಿ ಕಂಪೆನಿ. ಅಲ್ ಥುಮಾಮಾದಲ್ಲಿ ಹೊಸದಾಗಿ ಎದ್ದ ವಿಲ್ಲಾಗಳ ಏಸಿ ನೋಡಿಕೊಳ್ಳುವ ಕೆಲಸ ಅವರಿಗೆ ಸಿಕ್ಕಿತ್ತು. ಅದನ್ನು ಪೂರ್ತಿ ನಮ್ಮವರಿಗೇ ಬಿಟ್ಟುಕೊಡುತ್ತೇನೆ, ಆದರೆ ಕಂಪ್ರೆಸರ್ ಹೊರಬಲ್ಲ ಸ್ವಂತ ಪಿಕಪ್ ತರಬೇಕು, ತಂದು ನನಗೆ ತೋರಿಸಬೇಕು ಎಂದರು ಅರ್ಬಾಬ್. ಗಡುವು ಫೆಬ್ರವರಿ ತಿಂಗಳ ಕೊನೆ. ಅಷ್ಟರೊಳಗೆ ಗಾಡಿ ಬಾರದಿದ್ದರೆ ಕೆಲಸ ಒಬ್ಬ ಈಜಿಪ್ಟಿನವನಿಗೆ. ಹನ್ನೊಂದು ವರ್ಷ ಬೇರೆಯವರ ಗಾಡಿಯ ಹಿಂದಿನ ಸೀಟಿನಲ್ಲಿ ಟೂಲ್ ಬ್ಯಾಗ್ ತೊಡೆ ಮೇಲಿಟ್ಟು ಓಡಾಡಿದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಆಸೆ ತೋರಿಸಲು ಸಾಧ್ಯವಿರಲಿಲ್ಲ. ಆ ವಾರ ಅವರು ಊಟಕ್ಕೆ ಕೂತರೂ ಬಟ್ಟಲಿನಲ್ಲಿ ಬೆರಳಿನಿಂದ ಗಾಡಿಯ ಚಿತ್ರ ಬಿಡಿಸುತ್ತಿದ್ದರು.

ಹಳೆಯ ಗಾಡಿಗಳನ್ನು ಶುಕ್ರವಾರ ರಸ್ತೆ ಬದಿಯಲ್ಲಿ ಸಾಲಾಗಿ ನಿಲ್ಲಿಸಿ, ಗಾಜಿನ ಮೇಲೆ ಫೋನ್ ನಂಬರ್ ಬರೆದಿಡುವುದು ಅಲ್ಲಿನ ವಾಡಿಕೆ. ನಾವಿಬ್ಬರೂ ಹೊರಟೆವು. ನಮ್ಮವರ ಸೊಂಟದಲ್ಲಿ ಒಂದು ಉದ್ದನೆಯ ಸ್ಕ್ರೂಡ್ರೈವರ್, ನನ್ನ ಬ್ಯಾಗಿನಲ್ಲಿ ಒಂದು ನೋಟ್‌ಬುಕ್. ಎಂಜಿನ್ ಚಾಲೂ ಮಾಡಿಸಿ, ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು ಕೇಳುವುದು ಅವರ ಪರೀಕ್ಷೆ. ಬಾಗಿಲು ತೆಗೆದು ಮೀಟರ್ ಓದುವುದು ನನ್ನದು. ನಾನು ಕೆಲಸ ಮಾಡುತ್ತಿದ್ದದ್ದು ವೆಸ್ಟ್ ಬೇಯ ಒಂದು ಬಾಡಿಗೆ ಕಾರಿನ ಆಫೀಸಿನಲ್ಲಿ. ಅಲ್ಲಿ ಎರಡು ಲಕ್ಷ ಕಿಲೋಮೀಟರ್ ದಾಟಿದ ಗಾಡಿಯನ್ನು ಒಂದು ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ. ಆದ್ದರಿಂದ ನನ್ನ ಮನೆಗೂ ಅದೇ ಕಾನೂನು. ಎರಡು ಲಕ್ಷದ ಮೇಲೆ ಒಂದು ಕಿಲೋಮೀಟರ್ ಇದ್ದರೂ ಬೇಡ.

ಮೊದಲನೆಯದು ಎರಡು ಲಕ್ಷದ ನಲವತ್ತು ಸಾವಿರ. ಬೇಡ ಎಂದೆ. ಎರಡನೆಯದು ಮೂರು ಲಕ್ಷ ದಾಟಿತ್ತು. ಮೀಟರ್ ನೋಡಿ ಬಾಗಿಲನ್ನು ಹಾಗೇ ಮುಚ್ಚಿದೆ. ಮೂರನೆಯದಕ್ಕೆ ನಮ್ಮವರು ಮನಸ್ಸು ಕೊಟ್ಟುಬಿಟ್ಟಿದ್ದರು. ಅಮೆರಿಕದ ದೊಡ್ಡ ಪಿಕಪ್, ಎಂಟು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಆ ದೇಶದಲ್ಲಿ ಆಗ ಪೆಟ್ರೋಲು ಕುಡಿಯುವ ನೀರಿಗಿಂತ ಅಗ್ಗ, ಎಷ್ಟು ಕುಡಿದರೂ ಕೇಳುವವರಿಲ್ಲ. ಕಣ್ಣು ಮುಚ್ಚಿ, ಸ್ಕ್ರೂಡ್ರೈವರ್ ಕಿವಿಗಿಟ್ಟು, ತುಳುವಿನ ಪಾಡ್ದನದ ಹಾಡು ಕೇಳುವವರ ಹಾಗೆ ತಲೆದೂಗುತ್ತ ನಿಂತಿದ್ದರು. ನಾನು ಒಳಗಿನಿಂದ ಎರಡು ಲಕ್ಷದ ಅರವತ್ತೈದು ಸಾವಿರ ಎಂದು ಕೂಗಿ ಹೇಳಿದೆ. ತಲೆದೂಗುವುದು ನಿಂತಿತು.

"ಎಂಜಿನಿಗೆ ಎಂತ ಗೊತ್ತು ಮಾರಾಯ್ತಿ ನಿನ್ನ ಲೆಕ್ಕ? ಅದಕ್ಕೆ ಎಣ್ಣೆ ಹಾಕಿದವರು ಯಾರು ಅಂತ ಮಾತ್ರ ಗೊತ್ತು."

ನಾನು ನೋಟ್‌ಬುಕ್ಕಿನಲ್ಲಿ ಆ ಗಾಡಿಗೆ ಅಡ್ಡಗೆರೆ ಎಳೆದೆ. ಗಾಡಿ ಮಾರುತ್ತಿದ್ದ ಪಠಾಣ ನಮ್ಮವರ ಹೆಗಲ ಮೇಲೆ ಕೈಯಿಟ್ಟು, ಕರುಣೆಯಿಂದ ಒಂದು ಚಾ ಕೊಡಿಸಿದ. ನನಗೆ ಕೊಡಿಸಲಿಲ್ಲ.

ಫೆಬ್ರವರಿ ಅರ್ಧ ಕಳೆಯಿತು. ಆಗ ನಮ್ಮ ಆಫೀಸಿಗೆ ಬಾಡಿಗೆ ಕಾರು ತೆಗೆದುಕೊಳ್ಳಲು ಒಬ್ಬ ಅಮೆರಿಕದ ಎಂಜಿನಿಯರ್ ಬಂದ. ಕಂಟ್ರ್ಯಾಕ್ಟ್ ಮುಗಿದು ವಾಪಸ್ ಹೊರಟವನು. ತನ್ನೂರಿನಿಂದ ಹಡಗಿನಲ್ಲಿ ತರಿಸಿಕೊಂಡಿದ್ದ ಪಿಕಪ್ಪನ್ನು ಮಾರಬೇಕಾಗಿದೆ ಎಂದ. ಸಂಜೆ ನಮ್ಮವರನ್ನು ಕರೆಸಿದೆ. ಮತ್ತೆ ಅದೇ ಎಂಟು ಸಿಲಿಂಡರು, ಬಿಸಿಲಿಗೆ ಮಾಸಿದ ಬಿಳಿ ಬಣ್ಣ, ಹಿಂದಿನ ತೊಟ್ಟಿಯ ತುಂಬ ಗೀರು. ನಾನು ಬಾಗಿಲು ತೆಗೆದು ಮೀಟರ್ ಓದಿದೆ. ಒಂದು ಲಕ್ಷದ ಎಪ್ಪತ್ತೆಂಟು ಸಾವಿರ!

ಆ ಕ್ಷಣ ನನಗಾದ ಸಂತೋಷ ಫೈನಲ್ ಬಿ.ಕಾಂ. ರಿಸಲ್ಟ್ ನೋಡಿದ ದಿನ ಮಾತ್ರ ಆಗಿತ್ತು. ನೋಡಿ, ಕಾದರೆ ಸಿಗುತ್ತದೆ, ನನ್ನ ಮಾತು ಕೇಳಿದರೆ ಕೆಡುವುದಿಲ್ಲ, ಮೀಟರ್ ಸುಳ್ಳು ಹೇಳುವುದಿಲ್ಲ ಎಂದೆಲ್ಲ ಹೇಳಿದೆ. ನಮ್ಮವರು ಸ್ಕ್ರೂಡ್ರೈವರ್ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಸದ್ದು ಚೆನ್ನಾಗಿ ಕೇಳಬೇಕೆಂದು ಎರಡೂ ಕಿಟಕಿ ಇಳಿಸಿ ಕಾರ್ನಿಷ್ ರಸ್ತೆಯಲ್ಲಿ ಒಂದು ಸುತ್ತು ಓಡಿಸಿದರು. ಚಳಿಗಾಲದ ಗಾಳಿ, ಪಕ್ಕದಲ್ಲಿ ಸಮುದ್ರ. ನಾನು ಸೆರಗನ್ನು ಹಿಡಿದುಕೊಂಡು ಆ ಎತ್ತರದ ಸೀಟಿನಲ್ಲಿ ಆನೆಯ ಮೇಲೆ ಕೂತಂತೆ ಕೂತಿದ್ದೆ. ಗಾಡಿ ನಿಲ್ಲಿಸಿದ ಮೇಲೆ ಅವರು ಮೀಟರಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ, "ಬೀಕಾಂ ಹೇಳಿದ ಮೇಲೆ ಮುಗಿಯಿತು. ಇದೇ ಆಗಲಿ" ಎಂದರು.

ಮದುವೆಯಾಗಿ ಏಳು ವರ್ಷದಲ್ಲಿ ಅಷ್ಟು ಬೇಗ ನನ್ನ ಮಾತಿಗೆ ಒಪ್ಪಿದವರಲ್ಲ. ನನಗೆ ಅಲ್ಲೇ ಸಂಶಯ ಬರಬೇಕಿತ್ತು.

ಗಾಡಿಯನ್ನು ನಮ್ಮ ಹೆಸರಿಗೆ ಮಾಡಿಸಬೇಕಾದರೆ ಸರಕಾರದ ತಪಾಸಣೆಯಲ್ಲಿ ಪಾಸಾಗಬೇಕು. ಪಾಸಾದ ಮೇಲೆ ದುಡ್ಡು ಎಂದು ಆ ಅಮೆರಿಕದವನ ಜೊತೆ ಮಾತಾಗಿತ್ತು. ನಾನು ರಜೆ ಹಾಕಿ, ಕಾಗದಪತ್ರದ ಫೈಲು ಎದೆಗವುಚಿಕೊಂಡು ಹೋದೆ. ನಮ್ಮವರು ಗಾಡಿಯೊಂದಿಗೆ ಸಾಲಿನಲ್ಲಿ ನಿಂತರು, ನಾನು ಕೌಂಟರಿಗೆ ಹೋದೆ. ಅಲ್ಲಿದ್ದ ಮಲಯಾಳಿ ಗುಮಾಸ್ತ ಕಿಟಕಿಯಿಂದ ಗಾಡಿಯತ್ತ ನೋಡಿ, ಫಾರಂ ಮೇಲಿದ್ದ ನನ್ನ ಅಂಕಿ ಹೊಡೆದು ಹಾಕಿ, ಕ್ಯಾಲ್ಕ್ಯುಲೇಟರ್ ಒತ್ತಿ, ಎರಡು ಲಕ್ಷದ ಎಂಬತ್ತಾರು ಸಾವಿರ ಎಂದು ಬರೆದ.

ನಾನು ಬಿಡುತ್ತೇನೆಯೇ? ಸರಿಯಾಗಿ ನೋಡಿ ಬರೆಯಿರಿ, ನಾನೇ ಕಣ್ಣಾರೆ ಓದಿದ್ದೇನೆ, ನಾನು ಕಾಮರ್ಸ್ ಗ್ರ್ಯಾಜುಯೇಟ್ ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದೆ. ಹಿಂದಿದ್ದವರೆಲ್ಲ ಕುತ್ತಿಗೆ ಉದ್ದ ಮಾಡಿದರು. ಗುಮಾಸ್ತ ಪೂರ್ತಿ ಕೇಳಿಸಿಕೊಂಡು, ನನ್ನ ಮಾತು ಮುಗಿದ ಮೇಲೆ ಬಹಳ ಮರ್ಯಾದೆಯಿಂದ ಹೇಳಿದ:

"ಮೇಡಂ, ಇದು ಅಮೆರಿಕದಿಂದಲೇ ತಂದ ಗಾಡಿ. ಇದರ ಮೀಟರ್ ಮೈಲಿನದು."

ಹಿಂದೆ ಯಾರೋ ಕೆಮ್ಮಿದರು. ನಾನು ಫೈಲು ತೆಗೆದುಕೊಂಡು ಸೀದಾ ಸಾಲಿಗೆ ಬಂದೆ. ನಮ್ಮವರು ಬಾನೆಟ್ಟಿಗೆ ಒರಗಿ ನಿಂತಿದ್ದರು. ಜಗಳ ತುಳುವಿನಲ್ಲಿ ಆಯಿತು. ಸುತ್ತ ಒಬ್ಬರಿಗೂ ತಿಳಿಯದ ಭಾಷೆಯಲ್ಲಿ ಜಗಳವಾಡುವ ಅನುಕೂಲವೇ ಬೇರೆ. ಮೋಸ ಹೋದೆವು, ಈಗಲೇ ತಿರುಗಿಸಿ ಕೊಟ್ಟು ಬರುವ ಎಂದೆ. ಅವರು ಗಾಬರಿಯೇ ಆಗಲಿಲ್ಲ. ಆಗ ನನಗೆ ಹೊಳೆಯಿತು.

"ನಿಮಗೆ ಗೊತ್ತಿತ್ತಾ?"

"ಅರವತ್ತರಲ್ಲಿ ಓಡಿಸಿದರೆ ತೊಂಬತ್ತರಲ್ಲಿ ಹೋಗುವವರನ್ನು ಹಿಂದೆ ಹಾಕ್ತಾ ಉಂಟು. ಗೊತ್ತಾಗದೆ ಎಂತ?"

"ಮತ್ತೆ ಬಾಯಿ ಬಿಡ್ಲಿಕ್ಕೆ ಏನಾಗಿತ್ತು?"

"ಬಾಯಿ ಬಿಟ್ಟಿದ್ರೆ ಇದಕ್ಕೂ ಗೆರೆ ಎಳೀತಿದ್ದೆ."

ಎಳೆಯುತ್ತಿದ್ದೆ, ಖಂಡಿತ. ಅವರು ಸೊಂಟದಿಂದ ಸ್ಕ್ರೂಡ್ರೈವರ್ ತೆಗೆದು ನನ್ನ ಕೈಗೆ ಕೊಟ್ಟರು. ಬೇಡ ಅಂದರೆ ಈಗಲೇ ಕೊಂಡುಹೋಗಿ ಕೊಡುತ್ತೇನೆ, ಆದರೆ ಈ ಸಲ ಓದಿ ಹೇಳಬೇಡ, ಕೇಳಿ ಹೇಳು ಎಂದರು. ಗಡುವಿಗೆ ಐದು ದಿನ ಉಳಿದಿತ್ತು. ತಿರುಗಿಸಿ ಕೊಟ್ಟರೆ ಥುಮಾಮಾದ ಕೆಲಸ ಹೋಯಿತು ಎಂಬುದು ಇಬ್ಬರಿಗೂ ಗೊತ್ತು. ಆದರೂ ತೀರ್ಮಾನ ನನಗೇ ಬಿಟ್ಟರು.

ಅವರು ಬಾನೆಟ್ ಎತ್ತಿ ಎಂಜಿನ್ ಚಾಲೂ ಮಾಡಿದರು. ಸುತ್ತಲಿನ ಡ್ರೈವರುಗಳು ನೋಡುತ್ತಿದ್ದಂತೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾನೆಟ್ಟಿನೊಳಗೆ ಬಗ್ಗಿ ಸ್ಕ್ರೂಡ್ರೈವರಿನ ಹಿಡಿಗೆ ಕಿವಿಯಿಟ್ಟೆ. ಮೊದಲು ಬರೀ ಗುಡುಗು. ಆಮೇಲೆ ಒಳಗೊಳಗೆ ಒಂದು ತಾಳ ಕೇಳಿಸತೊಡಗಿತು, ಎಲ್ಲೂ ತಪ್ಪದ್ದು, ಎಲ್ಲೂ ತಡವರಿಸದ್ದು. ನನಗೆ ಅಮ್ಮನ ಕೈ ನೆನಪಾಯಿತು. ಬೀಡಿಯ ಕಟ್ಟನ್ನು ಅಂಗೈಯಲ್ಲಿ ಒಮ್ಮೆ ಹಾರಿಸಿದರೆ ಸಾಕು, ಒಂದು ಬೀಡಿ ಕಮ್ಮಿ ಇದ್ದರೆ ಅವಳಿಗೆ ಗೊತ್ತಾಗುತ್ತಿತ್ತು. ನಾನು ಪಕ್ಕದಲ್ಲಿ ಕೂತು ಎಣಿಸಿ ನೋಡಿ, ಹೌದು ಎನ್ನುತ್ತಿದ್ದೆ. ಎಣಿಸಲು ಬರುವವಳು ನಾನು, ಆದರೆ ಗೊತ್ತಿದ್ದದ್ದು ಅವಳಿಗೆ.

"ಒಳಗೆ ಹೋಗ್ಲಿ" ಎಂದೆ.

ಗಾಡಿ ಮೊದಲು ಫೇಲಾಯಿತು. ಹಿಂದಿನ ಬ್ರೇಕ್ ಲೈಟು ಉರಿಯುತ್ತಿರಲಿಲ್ಲ. ಅಂಗಳದಲ್ಲೇ ಬಲ್ಬ್ ಬದಲಿಸಿ ಮತ್ತೆ ಒಳಗೆ ಬಿಟ್ಟ ಮೇಲೆ ಪಾಸಾಯಿತು. ವಾಪಸ್ ಬರುವಾಗ ದಾರಿಯುದ್ದಕ್ಕೂ ನಮ್ಮವರು, ಕಾಮರ್ಸಿನಲ್ಲಿ ಮೈಲಿ ಕಲಿಸುವುದಿಲ್ಲವಾ, ಅದು ಸೈನ್ಸಿನವರಿಗೆ ಮಾತ್ರವಾ ಎಂದು ಬಹಳ ಗಂಭೀರವಾಗಿ ವಿಚಾರಿಸುತ್ತಿದ್ದರು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಇನ್ನು ಉಳಿದದ್ದು ಅರ್ಬಾಬ್ ನೋಡುವುದು. ಗಡುವಿನ ಹಿಂದಿನ ದಿನ ಮಧ್ಯಾಹ್ನ ಅವರ ಮನೆ ಮುಂದೆ ಗಾಡಿ ನಿಲ್ಲಿಸಿದೆವು. ತೊಳೆದು ಒರೆಸಿ, ಹೊಸ ಮ್ಯಾಟ್ ಹಾಸಿದ್ದೆವು. ನಮ್ಮವರು ಇಸ್ತ್ರಿ ಮಾಡಿದ ಶರ್ಟ್ ಹಾಕಿದ್ದರು. ಅರ್ಬಾಬ್ ಸುತ್ತ ಒಂದು ಸುತ್ತು ಬಂದು, ಟೈರಿಗೆ ಕಾಲಿನಿಂದ ತಟ್ಟಿ, ಬಾಗಿಲು ತೆಗೆದು ಮೀಟರ್ ನೋಡಿದರು. ಒಂದು ಲಕ್ಷದ ಎಪ್ಪತ್ತೆಂಟು, ಮಾಶಾ ಅಲ್ಲಾ, ಕಮ್ಮಿ ಓಡಿದೆ ಎಂದು ತಮ್ಮ ಹಿಂದಿಯಲ್ಲಿ ಮೆಚ್ಚಿಕೊಂಡರು. ನಮ್ಮವರು ನನ್ನ ಕಡೆ ನೋಡಿ ಕಣ್ಣಿನಲ್ಲೇ ಬೇಡ ಎಂದರು. ಆದರೆ ಓದಿದ್ದನ್ನು ತಪ್ಪಾಗಿ ಹೇಳಿ ಒಮ್ಮೆ ನಾಚಿಕೆ ಪಟ್ಟವಳು ನಾನು, ಇನ್ನೊಬ್ಬರಿಗೆ ಅದೇ ತಪ್ಪು ಓದಲು ಬಿಡುವುದು ಹೇಗೆ? ಮೈಲಿ ಎಂದುಬಿಟ್ಟೆ.

ಅರ್ಬಾಬ್ ನನ್ನ ಮುಖ ನೋಡಿದರು. ಆಮೇಲೆ ತಮ್ಮ ತೋಟದಲ್ಲಿ ಇಂಥದೇ ಒಂದು ಗಾಡಿ ಇದೆ, ನಾಲ್ಕು ಲಕ್ಷ ಓಡಿದೆ, ಇನ್ನೂ ಒಂಟೆ ಹೊರುತ್ತದೆ ಎಂದು ಹೇಳಿ ಒಳಗೆ ಹತ್ತಿ ಕೂತರು. ನಮ್ಮವರ ಉಸಿರು ಮರಳಿ ಬಂತು. ನನ್ನದೂ ಬಂತು. ಅರ್ಬಾಬ್ ಯಲ್ಲಾ, ಹೊರಡುವ ಎಂದು ಎಂಜಿನ್ ಚಾಲೂ ಮಾಡಿ ಕಿಟಕಿ ಏರಿಸಿದರು. ಗಲ್ಫಿನವರು ಯಾರೂ ಕಿಟಕಿ ಇಳಿಸಿ ಹೋಗುವುದಿಲ್ಲ. ಏರಿಸಿ, ಏಸಿಯ ಗುಂಡಿ ತಿರುಗಿಸಿದರು.

ಅದರಿಂದ ಬಂದದ್ದು ಬೇಯಿಸಿದ ಗಾಳಿ. ಅವರ ತಲೆಯ ಬಿಳಿ ಬಟ್ಟೆ ಅದಕ್ಕೆ ಮೆಲ್ಲಗೆ ಹಾರಾಡಿತು. ಅರ್ಬಾಬ್ ಇನ್ನೊಂದು ಗುಂಡಿ ಒತ್ತಿದರು. ಇನ್ನಷ್ಟು ಬಿಸಿ ಬಂತು.

"ನೀನು ಏಸಿ ಮೆಕ್ಯಾನಿಕ್" ಎಂದರು ನಮ್ಮವರನ್ನೇ ನೋಡುತ್ತ. ಪ್ರಶ್ನೆಯೂ ಅಲ್ಲ, ಹೊಗಳಿಕೆಯೂ ಅಲ್ಲ.

ನಾನು ಮೀಟರ್ ಓದಿದ್ದೆ, ಅವರು ಎಂಜಿನ್ ಕೇಳಿದ್ದರು. ಚಳಿಗಾಲದಲ್ಲಿ ಕಿಟಕಿ ಇಳಿಸಿ ಓಡಾಡಿದ ನಮ್ಮಿಬ್ಬರಿಗೂ ಆ ಗುಂಡಿಯೊಂದನ್ನು ತಿರುಗಿಸಿ ನೋಡುವ ಬುದ್ಧಿ ಬಂದಿರಲಿಲ್ಲ. ಅರ್ಬಾಬ್ ಇಳಿದು ಬೆವರು ಒರೆಸಿಕೊಂಡು, ನಗು ತಡೆಯಲಾರದೆ ಬಾಗಿಲಿಗೆ ಕೈಯಾನಿಸಿ ನಿಂತರು. ಗಾಡಿ ಒಳ್ಳೆಯದೇ, ಎಂಜಿನ್ ಒಳ್ಳೆಯದು, ಆದರೆ ಏಸಿ ರಿಪೇರಿಗೆ ಬಂದವನೇ ಬೆವರುತ್ತ ಇಳಿದರೆ ವಿಲ್ಲಾದವರು ಗೇಟು ತೆಗೆಯುವುದಿಲ್ಲ ಎಂದರು. ನಾಳೆ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಇದು ತಣ್ಣಗಾಗಿ ಇಲ್ಲಿಗೆ ಬರಬೇಕು, ಬಂದರೆ ಥುಮಾಮಾ ನಿನ್ನದು, ಇಲ್ಲದಿದ್ದರೆ ಖಲಾಸ್.

ವಾಪಸ್ ಬರುವಾಗ ದಾರಿಯುದ್ದಕ್ಕೂ ವಿಚಾರಿಸುವ ಸರದಿ ನನ್ನದು. ಎಂಟನೇ ಕ್ಲಾಸಿನ ತನಕ ಏಸಿ ಕಲಿಸುವುದಿಲ್ಲವಾ ಎಂದು ಕೇಳಿದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಗಾಡಿ ಓಡಿಸುತ್ತಿದ್ದವರೂ ಅವರೇ, ಆದ್ದರಿಂದ ಹೆಚ್ಚು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೇ ಅವರು ಕಟ್ಟಡದ ಕೆಳಗೆ ಗಾಡಿಯಡಿ ಮಲಗಿದ್ದರು. ಎಲ್ಲೋ ಒಂದು ಪೈಪು ಸವೆದು ಗ್ಯಾಸ್ ಸೋರಿಹೋಗಿತ್ತಂತೆ. ಬೆಸುಗೆ ಹಾಕಿ, ಗ್ಯಾಸ್ ತುಂಬಿಸಿ, ಹತ್ತೂವರೆಗೆ ಎಂಜಿನ್ ಚಾಲೂ ಮಾಡಿದರು. ನಾನು ಒಳಗೆ ಕೂತು ಕಿಟಕಿ ಏರಿಸಿದೆ. ಅವರು ಬಾನೆಟ್ಟಿನ ಹಿಂದಿನಿಂದ, "ಎಷ್ಟು ಉಂಟು ಬೀಕಾಂ? ನಂಬರ್ ಹೇಳು" ಎಂದು ಕೂಗಿದರು.

ನನ್ನ ಹತ್ತಿರ ಥರ್ಮಾಮೀಟರ್ ಇರಲಿಲ್ಲ. ಏಸಿಯ ಗಾಳಿಗೆ ಅಂಗೈ ಇಟ್ಟೆ. ಆಮೇಲೆ ಕೆನ್ನೆ ಇಟ್ಟೆ. ಊರಿನ ಬಾವಿಯಿಂದ ಆಗಷ್ಟೇ ಎಳೆದ ಕೊಡದ ಹೊರಮೈ ಹೀಗೇ ಇರುತ್ತಿತ್ತು.

ಕಿಟಕಿ ಒಂದಿಷ್ಟು ಇಳಿಸಿ, "ನಂಬರ್ ಗೊತ್ತಿಲ್ಲ. ಶರ್ಟ್ ಬದಲಿಸಿ ಬನ್ನಿ, ಹೋಗುವ" ಎಂದೆ.