ಮಣಿಕಟ್ಟಿನ ಟೇಪು

ಗುರುರಾಜನ ಎರಡು ಕಿವಿಗಳೂ ಚಪಾತಿ ಹಿಟ್ಟನ್ನು ಹಿಸುಕಿ ಅಂಟಿಸಿದ ಹಾಗಿದ್ದವು. ಕನ್ನಡಕ ಹಾಕಿದರೆ ನಿಲ್ಲುತ್ತಿರಲಿಲ್ಲ. "ಎಷ್ಟ್ ಮಂದಿ ತಿಕ್ಕ್ಯಾರ ನೋಡ್ರಿ ಅಕ್ಕಾ" ಎಂದು ತಾನೇ ಹಿಡಿದು ತೋರಿಸಿ ನಗುತ್ತಿದ್ದ.

ಧಾರವಾಡದ ಡಾಕ್ಟರ್ ದಂಪತಿಯ ಮಗ, ಹುಟ್ಟಿ ಬೆಳೆದದ್ದು ಉತ್ತರ ಇಂಗ್ಲೆಂಡಿನಲ್ಲಿ. ಅಲ್ಲಿಯ ಹುಡುಗರಿಗೆ ರಗ್ಬಿ ಲೀಗ್ ಅಂದರೆ ನಮ್ಮವರಿಗೆ ಕ್ರಿಕೆಟ್ ಇದ್ದ ಹಾಗಂತೆ. ತಂಡಕ್ಕೆ ಹದಿಮೂರು ಜನ, ತಲೆಗೆ ಹೆಲ್ಮೆಟ್ ಇಲ್ಲ. ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳ ಮೇಲೆ ನುಗ್ಗುವುದೇ ಇವನ ಕೆಲಸ. ಹನ್ನೊಂದು ವರ್ಷ ಅದೇ ಹೊಟ್ಟೆಪಾಡು. ಆಮೇಲೆ ನ್ಯೂಜೆರ್ಸಿಯ ಒಂದು ತಂಡ ಕರೆಯಿತು. ಅಲ್ಲೇ ಹೋಬೋಕನ್ ಊರಿನ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದ ನಾನು ಶನಿವಾರ ಆ ತಂಡದ ಜೊತೆ ಇರುತ್ತಿದ್ದೆ. ಮೈದಾನದಲ್ಲಿ ಕನ್ನಡದವರು ನಾವಿಬ್ಬರೇ. ನನ್ನ ಮೈಸೂರು ಮಾತನ್ನು ಅಣಕಿಸುತ್ತಲೇ ಗಾಯ ಕಟ್ಟಿಸಿಕೊಳ್ಳುತ್ತಿದ್ದ. ಎಷ್ಟೇ ಪೆಟ್ಟು ಬಿದ್ದರೂ ಒಂದೇ ಮಾತು: "ಏನೂ ಆಗಿಲ್ರೀ ಅಕ್ಕಾ."

ತಲೆಗೆ ಪೆಟ್ಟು ಬಿದ್ದವನನ್ನು ನಾವು ಪ್ರಶ್ನೆ ಕೇಳಬೇಕು. ಇದು ಯಾವ ಮೈದಾನ, ಎದುರಿಗೆ ಯಾರು, ಹೋದ ವಾರ ಗೆದ್ದವರಾರು. ತಪ್ಪಿದರೆ ಆಟದಿಂದ ಹೊರಗೆ. ಗುರುರಾಜ ಒಂದು ಸಲವೂ ತಪ್ಪಿರಲಿಲ್ಲ. ಒಂದು ಶನಿವಾರ ಬಿದ್ದೆದ್ದವನ ಕಣ್ಣು ಎಲ್ಲೋ ಇತ್ತು. ಪ್ರಶ್ನೆ ಕೇಳಿದೆ. ಮಣಿಕಟ್ಟಿಗೆ ಸುತ್ತಿದ್ದ ಬಿಳಿ ಟೇಪು ತಿರುಗಿಸಿ ನೋಡಿ ಉತ್ತರ ಹೇಳಿದ. ಎಲ್ಲಾ ಅದರ ಮೇಲೆ ಪೆನ್ನಿನಲ್ಲಿ ಬರೆದಿತ್ತು.

"ಇದೇನೋ ಮುಠ್ಠಾಳ!" ಎಂದೆ.

"ಹೊರಗ ಕೂಡಿಸಬ್ಯಾಡ್ರಿ ಅಕ್ಕಾ. ಕಾಂಟ್ರ್ಯಾಕ್ಟ್ ರಿನ್ಯೂ ಆಗಂಗಿಲ್ಲ, ವೀಸಾನೂ ಹೋಗ್ತದ. ಮಗಳು ಈಗಷ್ಟ ಸಾಲಿಗೆ ಹೊಂಟಾಳ. ಸ್ಮಿತಾಗೂ ಹೇಳಬ್ಯಾಡ್ರಿ."

ಸ್ಮಿತಾ ಅವನ ಹೆಂಡತಿ. ವೀಸಾ ಎಂಬ ಒಂದು ಮಾತಿಗೆ ನಾನು ಕರಗಿಹೋದೆ. ಆರು ವರ್ಷ ಎಚ್-ಒನ್ ವೀಸಾದ ಕಾಗದ ಹಿಡಿದು ನಡುಗಿದವಳು ನಾನು. ಬೇರೆ ಯಾರೇ ಆಗಿದ್ದರೂ ಹೊರಗೆ ಕೂರಿಸುತ್ತಿದ್ದೆ. ಇವನು ನಮ್ಮವನಲ್ಲವೇ! ಆಡಬಹುದು ಎಂದು ಕೋಚ್‌ಗೆ ಕೈ ಎತ್ತಿ ತೋರಿಸಿದೆ. ಅವತ್ತೇ ಇನ್ನೆರಡು ಪೆಟ್ಟು ತಿಂದ. ಸೀಸನ್ ಪೂರ್ತಿ ಟೇಪು ಕಾಣದವಳ ಹಾಗೆ ಇದ್ದುಬಿಟ್ಟೆ. ಕಾಂಟ್ರ್ಯಾಕ್ಟ್ ರಿನ್ಯೂ ಆದಾಗ ಧಾರವಾಡ ಪೇಡೆ ತಂದುಕೊಟ್ಟ. ತಿಂದೆನಲ್ಲ, ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಆಟ ಬಿಟ್ಟ ಮೇಲೆ ಸ್ಮಿತಾಳ ಕೆಲಸದಿಂದ ಗ್ರೀನ್ ಕಾರ್ಡ್ ಬಂತು. ಅದೇ ವರ್ಷ ಅವನು ಮನೆಯ ದಾರಿ ಮರೆತ. ಇನ್ನೂ ನಲವತ್ತು ದಾಟಿರಲಿಲ್ಲ. ತಲೆಗೆ ಬಿದ್ದ ಪೆಟ್ಟುಗಳೇ ಕಾರಣ ಎಂದರಂತೆ ಡಾಕ್ಟರು.

ಹೋದ ಚಳಿಗಾಲ ನ್ಯೂಯಾರ್ಕಿನ ಫ್ಲಶಿಂಗ್ ಗಣಪತಿ ದೇವಸ್ಥಾನದ ಕ್ಯಾಂಟೀನಿನಲ್ಲಿ ಸಿಕ್ಕರು. ಸ್ಮಿತಾ ದೋಸೆ ಮುರಿದು ಅವನ ಕೈಗಿಡುತ್ತಿದ್ದಳು. ಏನು ಮಾತಾಡಬೇಕೆಂದು ತೋಚದೆ, "ಗುರು, ಇದು ಯಾವ ಜಾಗ ಹೇಳು ನೋಡೋಣ?" ಎಂದುಬಿಟ್ಟೆ.

ಸ್ವೆಟರಿನ ತೋಳು ಮೇಲೆಳೆದು ಮಣಿಕಟ್ಟು ತಿರುಗಿಸಿದ. ಬರೀ ಕೈ. ಇನ್ನೊಂದನ್ನೂ ನೋಡಿದ. ಮುಖದಲ್ಲಿ ಹೆದರಿಕೆ ಬಂತು.

"ಟೇಪ್ ಯಾರ್ ಬಿಚ್ಚಿದ್ರೀ ಅಕ್ಕಾ?"

"ಯಾವ ಟೇಪ್?" ಎಂದು ಸ್ಮಿತಾ ನನ್ನನ್ನು ಕೇಳಿದಳು.

ಎಲ್ಲಾ ಹೇಳಿದೆ. ಅವಳು ಅವನ ಸ್ವೆಟರಿನ ತೋಳು ಕೆಳಗೆಳೆದು, ಬಾಯಿ ಒರೆಸಿ, ಎಬ್ಬಿಸಿಕೊಂಡು ಹೊರಟಳು. ಬಾಗಿಲಲ್ಲಿ ಗುರುರಾಜ ತಿರುಗಿ ನೋಡಿದ. ನಾನು ಅಳುತ್ತಿದ್ದೆ.

"ಏನೂ ಆಗಿಲ್ರೀ ಅಕ್ಕಾ" ಎಂದ.

ಆಮೇಲೆ ಸ್ಮಿತಾ ನನ್ನ ಫೋನ್ ಎತ್ತಿಲ್ಲ.