ನಾನು ಕತ್ತರಿಸಿದ ನುಡಿ

ಇದನ್ನು ಬರೆಯಲು ಕೂತು, ನಾಚಿಕೆಯಾಗಿ ಎಷ್ಟೋ ಸಲ ಎದ್ದುಹೋಗಿದ್ದೇನೆ. ೨೦೦೮ರ ಸುಮಾರು. ಮಹಾರಾಷ್ಟ್ರದ ಗಡಿಯೂರು ಜತ್ತದ ನನ್ನ ಮೊಬೈಲ್ ಅಂಗಡಿಯ ಸ್ಪೀಕರಿನಲ್ಲಿ ಒಂದು ಹಾಡು ಮುಗಿಯುತ್ತಿತ್ತು. ಅದನ್ನು ಬರೆದು ಹಾಡಿದ, ಅಂಗಿ ಹೊಲಿಯುವ ಟೇಲರ್ ಒಬ್ಬರು ಎದುರಿಗೇ ನಿಂತು ಕೇಳುತ್ತಿದ್ದರು. ತಮ್ಮ ಹೆಸರು, ಊರು ಸೇರಿಸಿ ಅವರು ಹಾಡಿದ್ದ ಕೊನೆಯ ನುಡಿ ಬರಲೇ ಇಲ್ಲ. ಅದರ ಬದಲು ನನ್ನ ದನಿ ನನ್ನ ಅಂಗಡಿಯ ಹೆಸರು ಹೇಳಿತು. ಜನ ಕೇಳಲಿ ಎಂದು ಅವರೇ ಕೊಟ್ಟಿದ್ದ ಹಾಡದು. ಗಿರಾಕಿಗಳ ಮೆಮೊರಿ ಕಾರ್ಡಿಗೆ ತುಂಬುವಾಗ ನನ್ನ ಹೆಸರೇ ಓಡಲಿ ಎಂದು ಆ ನುಡಿಯನ್ನು ಕತ್ತರಿಸಿದವನು ನಾನು.

ಅವರು ಜಗಳ ತೆಗೆಯಲಿಲ್ಲ, ಮುಖ ಸಪ್ಪೆ ಮಾಡಿಕೊಂಡು ಹೋದರು. ಮನೆಯ ಕಿಟಕಿಗೆ ಕೌದಿ ಕಟ್ಟಿ ಹೊರಗಿನ ಸದ್ದು ತಡೆದು, ಹಳೆಯ ಕಂಪ್ಯೂಟರಿನಲ್ಲಿ ಒಬ್ಬರೇ ಹಾಡು ರೆಕಾರ್ಡ್ ಮಾಡುತ್ತಿದ್ದ ಮನುಷ್ಯ. ಮುಂದಿನ ಸಂತೆಯ ದಿನ ಪೆನ್‌ಡ್ರೈವ್ ಹಿಡಿದು ಮತ್ತೆ ಬಂದರು.

"ಹೊಸಾ ಹಾಡ ಕಟ್ಟೇನಿ, ಹಚ್ರಿ ಅಣ್ಣಾರ."

ಹಚ್ಚಿದೆ. ಪಲ್ಲವಿಯಲ್ಲೇ ಅವರ ಹೆಸರು! ಪ್ರತಿ ನುಡಿಯಲ್ಲೂ ಅದು ತಾಳ ತಪ್ಪದೆ, ಒತ್ತಾಯವೆನಿಸದೆ ಬಂದು ಹೋಗುತ್ತಿತ್ತು. ಅಂಥ ಚೆಂದದ ಹಾಡು ನಾನು ಕೇಳಿರಲಿಲ್ಲ.

ಅವರು ನಕ್ಕರು. "ಈಗ ಕತ್ತರಿ ಎಲ್ಲಿ ಆಡಸ್ತೀರಿ? ಹೆಸರ ಕೊಯ್ದ್ರ ಅಂಗೀನ ಉಳಿಯೂದಿಲ್ಲ ನೋಡ್ರಿ!"

ಗಿರಾಕಿಗಳೂ ನಕ್ಕರು, ನಾನೂ ನಕ್ಕೆ. ತಪ್ಪಾಯಿತು ಎನ್ನಬೇಕಾದವನು ನಕ್ಕು ಸುಮ್ಮನಾದೆ.

ಆ ಹೊಸ ಹಾಡು ತಾಲ್ಲೂಕಿನ ತಿಕೋಂಡಿ, ಬಾಲಗಾಂವ ಹಳ್ಳಿಗಳವರೆಗೂ ಅವರ ಹೆಸರು ಮುಟ್ಟಿಸಿತು. ನಾನು ಕೆಡಿಸಿದ ಹಾಡು ಮಾತ್ರ ನನ್ನ ಅಂಗಡಿಯ ಹೆಸರಿನಲ್ಲೇ ಉಳಿಯಿತು. ಕ್ಷಮೆ ಕೇಳೋಣವೆಂದರೆ ಈಗ ಅವರಿಲ್ಲ. ನಾನು ಕತ್ತರಿಸಿದ ಆ ಹಾಡನ್ನು ಕಟ್ಟಿ ಹಾಡಿದವರು ಸೊರಡಿಯ ಲಾಲಸಾಬ.